ಆಲೇಖಕ್ಕೂ ಒಂದು ವ್ಯಾಕರಣ

ಪ್ರತಿ ವರ್ಷವೂ ಪ್ರಾಯೋಗಿಕ ಪರೀಕ್ಷೆಗಳು ಸಮೀಪಿಸುತ್ತಿದ್ದಂತೆ ನನ್ನ ಮೇಜಿನ ಮೇಲೆ ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳು ಗೋಪುರದಂತೆ ಏರಿ ನಿಲ್ಲುತ್ತವೆ. ಒಂದೊಂದನ್ನೂ ತೆರೆದಾಗ ನನ್ನ ಕಣ್ಣು ಮೊದಲು ಹೋಗುವುದು ಆಲೇಖದ ಕಡೆಗೆ. ಸಣ್ಣ ಚೌಕಗಳ ಗ್ರಾಫ್ ಕಾಗದ, ಅಂದವಾಗಿ ಎಳೆದ ಎರಡು ಅಕ್ಷಗಳು, ಪುಟ್ಟ ವೃತ್ತಗಳೊಳಗೆ ಕುಳಿತ ಬಿಂದುಗಳು, ಅವುಗಳಲ್ಲಿ ಒಂದನ್ನೂ ಬಿಡದೆ ಹಾದುಹೋಗುವ ನೇರವಾದ ಗೆರೆ! ಇಷ್ಟು ವಿಧೇಯವಾದ ಬಿಂದುಗಳನ್ನು ಕಂಡಾಗಲೆಲ್ಲ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು. ಪ್ರಕೃತಿಯು ನಿಯಮಬದ್ಧವೆಂಬುದು ನಿಜ. ಆದರೆ ಗಡಿಯಾರದ ಗುಂಡಿಯನ್ನು ಒತ್ತುವ ನಮ್ಮ ಬೆರಳು ಅಷ್ಟೊಂದು ನಿಯಮಬದ್ಧವಾದುದಲ್ಲ.

ನನ್ನ ಸಂಶಯಕ್ಕೆ ಕಾರಣವುಂಟು. ಆ ಕೆಲಸವನ್ನು ನಾನೂ ಒಮ್ಮೆ ಮಾಡಿದವನೇ. ಪದವಿ ತರಗತಿಯ ಮೊದಲ ವರ್ಷದಲ್ಲಿ ಸರಳ ಲೋಲಕದ ಪ್ರಯೋಗ. ಲೋಲಕದ ಉದ್ದವನ್ನು ಅಡ್ಡ ಅಕ್ಷದಲ್ಲಿಯೂ ಆಂದೋಲನ ಕಾಲದ ವರ್ಗವನ್ನು ನೇರ ಅಕ್ಷದಲ್ಲಿಯೂ ಗುರುತಿಸಿದರೆ ಸರಳರೇಖೆ ಬರಬೇಕು. ನನ್ನ ಬಿಂದುಗಳೆಲ್ಲ ರೇಖೆಯ ಮೇಲೆ ಕುಳಿತಿದ್ದವು. 80 ಸೆಂಟಿಮೀಟರ್ ಉದ್ದದ್ದೊಂದು ಮಾತ್ರ ಕೆಳಗೆ ಜಾರಿತ್ತು. ನಾನು ಆ ಬಿಂದುವನ್ನು ರಬ್ಬರಿನಿಂದ ಅಳಿಸಿ ಮೇಲಕ್ಕೆ ಸರಿಸಿದೆನು. ಕೋಷ್ಟಕದಲ್ಲಿದ್ದ ಸಂಖ್ಯೆಯನ್ನೂ ಅದಕ್ಕೆ ತಕ್ಕಂತೆ ತಿದ್ದಿದೆನು. ಪುಟದ ಅಡಿಯಲ್ಲಿ ಕೆಂಪು ಶಾಯಿಯ ‘ಉತ್ತಮ’ ದೊರೆಯಿತು. ಆ ಬಿಂದು ನನಗೆ ಏನನ್ನೋ ಹೇಳಬಂದಿತ್ತು. ನಾನು ಅದರ ಬಾಯಿ ಮುಚ್ಚಿಸಿದೆನು. ಅದು ಹೇಳಬೇಕೆಂದಿದ್ದುದು ನನಗೆ ತಿಳಿದದ್ದು ಹಲವು ವರ್ಷಗಳ ಅನಂತರ. ಆ ವಿಷಯವನ್ನು ಮುಂದೆ ಹೇಳುತ್ತೇನೆ.

ನಮ್ಮ ಶಿಕ್ಷಣದಲ್ಲಿ ಆಲೇಖವು ಪ್ರಯೋಗದ ಕೊನೆಯಲ್ಲಿ ಬರುವ ಮಂಗಳಾರತಿಯಾಗಿದೆ. ಉತ್ತರ ಮೊದಲೇ ಗೊತ್ತು. ಆಲೇಖವು ಅದಕ್ಕೆ ಅಲಂಕಾರ. ಇದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಆಲೇಖವೆಂದರೆ ಉತ್ತರವಲ್ಲ, ದತ್ತಾಂಶವನ್ನು ಕುರಿತು ನಾವು ಕೇಳುವ ಪ್ರಶ್ನೆ. ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುವವನು ಹೇಗೆ ಒಳ್ಳೆಯ ವಿದ್ಯಾರ್ಥಿಯಾಗಲಾರನೋ ಹಾಗೆಯೇ ಒಂದೇ ಆಲೇಖ ಬರೆದು ತೃಪ್ತನಾಗುವವನು ಒಳ್ಳೆಯ ಪ್ರಯೋಗಶೀಲನಾಗಲಾರ.

ಹಿಂದಿನವರು ಒಂದೇ ಆಲೇಖಕ್ಕೆ ತೃಪ್ತರಾದುದಕ್ಕೆ ಸಕಾರಣವಿತ್ತು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನು 1786ರಲ್ಲಿ ತನ್ನ ವಾಣಿಜ್ಯ ಭೂಪಟ ಗ್ರಂಥವನ್ನು ಪ್ರಕಟಿಸಿದನು. ದೇಶದ ಆಮದು ರಫ್ತುಗಳು ವರ್ಷದಿಂದ ವರ್ಷಕ್ಕೆ ಏರಿಳಿಯುವುದನ್ನು ಅದರಲ್ಲಿ ಗೆರೆಗಳಿಂದ ತೋರಿಸಲಾಗಿತ್ತು. ಸ್ಕಾಟ್ಲೆಂಡಿನ ವ್ಯಾಪಾರದ ವಿಷಯದಲ್ಲಿ ಮಾತ್ರ ಅವನಿಗೆ ಒಂದೇ ವರ್ಷದ ಅಂಕಿಗಳು ಸಿಕ್ಕಿದ್ದವು. ಒಂದು ವರ್ಷದ ಅಂಕಿಗಳಿಂದ ಏರಿಳಿತದ ಗೆರೆ ಎಳೆಯುವುದು ಸಾಧ್ಯವೆ? ಆದುದರಿಂದ ಅವನು ಒಂದೊಂದು ದೇಶದೊಡನೆ ನಡೆದ ವ್ಯಾಪಾರಕ್ಕೆ ಒಂದೊಂದು ಪಟ್ಟಿಯನ್ನು ಬರೆದನು. ಇಂದು ಶಾಲೆಯ ಮಕ್ಕಳೂ ಬರೆಯುವ ಪಟ್ಟಿಚಿತ್ರವು ಹೀಗೆ ದತ್ತಾಂಶದ ಕೊರತೆಯಿಂದ ಬಳಕೆಗೆ ಬಂದಿತು. ದತ್ತಾಂಶದ ಸ್ವರೂಪಕ್ಕೆ ತಕ್ಕಂತೆ ಚಿತ್ರವು ಬಾಗಬೇಕೆಂಬ ಪಾಠ ಆ ಮೊದಲ ಪುಸ್ತಕದಲ್ಲಿಯೇ ಇದೆ. ಆದರೆ ಅಂದಿನ ಚಿತ್ರಗಳನ್ನು ತಾಮ್ರದ ಫಲಕದ ಮೇಲೆ ಕೊರೆಯಬೇಕಾಗಿತ್ತು. ಗ್ರಾಫ್ ಕಾಗದ ಬಂದಮೇಲೆಯೂ ಒಂದು ಆಲೇಖಕ್ಕೆ ಅರ್ಧ ದಿನ ಹಿಡಿಯುತ್ತಿದ್ದುದುಂಟು. ಅಷ್ಟು ಶ್ರಮಪಟ್ಟು ಬರೆದುದನ್ನು ಹರಿದುಹಾಕಿ ಬೇರೊಂದು ರೀತಿಯಲ್ಲಿ ಬರೆಯುವ ಮನಸ್ಸು ಯಾರಿಗೆ ಬಂದೀತು?

ಗಣಕಯಂತ್ರವು ಈ ಶ್ರಮವನ್ನು ನಿವಾರಿಸಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ‘ಎಸ್’ ಎಂಬ ಸಂಖ್ಯಾಶಾಸ್ತ್ರೀಯ ಗಣಕಭಾಷೆಯ ರಚನೆಯನ್ನು ಆರಂಭಿಸಿದರು. ಆ ಮಾದರಿಯನ್ನು ಅನುಸರಿಸಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರು ‘ಆರ್’ ಎಂಬ ತಂತ್ರಾಂಶವನ್ನು ನಿರ್ಮಿಸಿ 1995ರಲ್ಲಿ ಅದನ್ನು ಸರ್ವಮುಕ್ತವಾಗಿಸಿದರು. ಯಾರು ಬೇಕಾದರೂ ಅದನ್ನು ಹಣ ಕೊಡದೆ ಪಡೆದು ಬಳಸಬಹುದು. 1999ರಲ್ಲಿ ಲೀಲೆಂಡ್ ವಿಲ್ಕಿನ್‌ಸನ್ ಎಂಬ ವಿದ್ವಾಂಸರು ಚಿತ್ರಗಳ ವ್ಯಾಕರಣವನ್ನೇ ಕುರಿತು ಒಂದು ಗ್ರಂಥ ಬರೆದರು. ಆ ವಿಚಾರವನ್ನು ಬೆಳೆಸಿ ಹ್ಯಾಡ್ಲಿ ವಿಕಮ್ ಅವರು 2007ರಲ್ಲಿ ಆರ್ ಭಾಷೆಗೆ ‘ಜಿಜಿಪ್ಲಾಟ್-2’ ಎಂಬ ಉಪಾಂಗವನ್ನು ಸೇರಿಸಿದರು. ನನ್ನ ಮಾತು ಮುಖ್ಯವಾಗಿ ಇದಕ್ಕೆ ಸಂಬಂಧಿಸಿದೆ.

ಚಿತ್ರಕ್ಕೆ ವ್ಯಾಕರಣವೇ? ಹೌದು. ‘ಮರ’ ಎಂಬ ನಾಮಪ್ರಕೃತಿ ಒಂದೇ. ಅದಕ್ಕೆ ವಿಭಕ್ತಿ ಪ್ರತ್ಯಯಗಳು ಹತ್ತಿದಾಗ ಮರವು, ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ ಎಂದು ವಾಕ್ಯದಲ್ಲಿ ಅದರ ಪಾತ್ರ ಬದಲಾಗುತ್ತದೆ, ಮರ ಬದಲಾಗುವುದಿಲ್ಲ. ದತ್ತಾಂಶ ಕೋಷ್ಟಕದ ಒಂದೊಂದು ಕಂಬಸಾಲೂ ಇಂತಹ ಒಂದು ನಾಮಪ್ರಕೃತಿ. ಉಷ್ಣತೆಯ ಸಾಲನ್ನು ಅಡ್ಡ ಅಕ್ಷದಲ್ಲಿಡಬಹುದು, ನೇರ ಅಕ್ಷದಲ್ಲಿಡಬಹುದು, ಬಿಂದುಗಳ ಬಣ್ಣಕ್ಕೆ ವಹಿಸಬಹುದು, ಇಲ್ಲವೆ ಬಿಂದುಗಳ ಗಾತ್ರಕ್ಕೆ ವಹಿಸಬಹುದು. ಇವು ಚಿತ್ರದ ವಿಭಕ್ತಿಗಳು. ಬಿಂದುವಿಡು, ಗೆರೆಯೆಳೆ, ಸ್ತಂಭ ನಿಲ್ಲಿಸು ಎಂಬಿವು ಕ್ರಿಯಾಪದಗಳು. ನಾಮ, ವಿಭಕ್ತಿ, ಕ್ರಿಯೆಗಳನ್ನು ಬಲ್ಲವನು ಹೇಗೆ ಎಣಿಕೆಯಿಲ್ಲದಷ್ಟು ವಾಕ್ಯಗಳನ್ನು ರಚಿಸಬಲ್ಲನೋ ಹಾಗೆ ಈ ಕೆಲವೇ ಅಂಶಗಳಿಂದ ಎಣಿಕೆಯಿಲ್ಲದಷ್ಟು ಚಿತ್ರಗಳನ್ನು ರಚಿಸಬಹುದು. ಸಿದ್ಧ ಚಿತ್ರಗಳ ಪಟ್ಟಿಯಿಂದ ಒಂದನ್ನು ಗುಂಡಿಯೊತ್ತಿ ಆರಿಸಿಕೊಳ್ಳುವುದು ಬೇರೆ, ಇದು ಬೇರೆ. ಮೊದಲನೆಯದು ಪರಭಾಷೆಯ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿದಂತೆ. ಎರಡನೆಯದು ಆ ಭಾಷೆಯನ್ನೇ ಕಲಿತಂತೆ.

ಇಷ್ಟರಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ‘ಓಲ್ಡ್ ಫೇತ್‌ಫುಲ್’ ಎಂಬ ಬಿಸಿನೀರಿನ ಬುಗ್ಗೆಯಿದೆ. ನೆಲದೊಳಗಿನ ಶಾಖದಿಂದ ಕುದಿದ ನೀರು ಅಲ್ಲಿ ಆಗಾಗ ಮುಗಿಲೆತ್ತರಕ್ಕೆ ಚಿಮ್ಮಿ ಮತ್ತೆ ಅಡಗುತ್ತದೆ. ಕೆಲವು ದಶಕಗಳ ಹಿಂದೆ ಅಳೆದ 272 ಚಿಮ್ಮುಗೆಗಳ ವಿವರವು ಆರ್ ತಂತ್ರಾಂಶದೊಡನೆಯೇ ದೊರೆಯುತ್ತದೆ. ಪ್ರತಿಯೊಂದು ಚಿಮ್ಮುಗೆ ಎಷ್ಟು ನಿಮಿಷ ನಡೆಯಿತು, ಮುಂದಿನದಕ್ಕೆ ಎಷ್ಟು ನಿಮಿಷ ಕಾಯಬೇಕಾಯಿತು ಎಂಬ ಎರಡೇ ಕಂಬಸಾಲುಗಳು. ಕಾಯುವ ಕಾಲದ ಸರಾಸರಿ ಸುಮಾರು 71 ನಿಮಿಷ. ಈ ಬುಗ್ಗೆಯ ಬಿಡುವು ಈಗ ಅದಕ್ಕಿಂತ ದೀರ್ಘವಾಗಿದೆ. ಆದರೆ ನಮ್ಮ ಪಾಠಕ್ಕೆ ಹಳೆಯ ಅಂಕಿಗಳೇ ಸಾಕು.

ಮೊದಲು ಗಣಕಕ್ಕೆ ಹೀಗೆ ಬರೆಯೋಣ: ‘ಬುಗ್ಗೆಯ ಕೋಷ್ಟಕವನ್ನು ತೆಗೆದುಕೋ, ಕಾಯುವ ಕಾಲವನ್ನು ಅಡ್ಡ ಅಕ್ಷದಲ್ಲಿಡು, 20 ನಿಮಿಷ ಅಗಲದ ಸ್ತಂಭಗಳನ್ನು ನಿಲ್ಲಿಸು.’ ಗಡಿಯ ಮೇಲೆ ಬಿದ್ದ ಸಂಖ್ಯೆಯನ್ನು ಕೆಳಗಿನ ವರ್ಗಕ್ಕೆ ಸೇರಿಸುವುದಾದರೆ, 40ರಿಂದ 60 ನಿಮಿಷದ ಸ್ತಂಭದಲ್ಲಿ 83 ಚಿಮ್ಮುಗೆಗಳು, 60ರಿಂದ 80ರದರಲ್ಲಿ 105, 80ರಿಂದ 100ರದರಲ್ಲಿ 84. ನಡುವೆ ಎತ್ತರ, ಎರಡು ಪಕ್ಕಗಳಲ್ಲಿಯೂ ತಗ್ಗು. ಸರಾಸರಿಯಾದ 71 ನಿಮಿಷವು ನಡುವಿನ ಎತ್ತರದ ಸ್ತಂಭದಲ್ಲಿಯೇ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವ ಘಂಟಾಕೃತಿಯೇ ಇದು ಎಂದು ಯಾರಾದರೂ ನಂಬಿಯಾರು.

ಈಗ ವಾಕ್ಯದಲ್ಲಿ ಒಂದೇ ಒಂದು ಪದವನ್ನು ಬದಲಾಯಿಸೋಣ. 20 ಎಂಬಲ್ಲಿ 5 ಎಂದು ಬರೆಯೋಣ. ಬೆಟ್ಟ ಸೀಳಿ ಎರಡಾಗುತ್ತದೆ! 50ರಿಂದ 55 ನಿಮಿಷದ ಸ್ತಂಭದಲ್ಲಿ 33 ಚಿಮ್ಮುಗೆಗಳ ಒಂದು ಶಿಖರ. 80ರಿಂದ 85ರದರಲ್ಲಿ 55ರ ಇನ್ನೊಂದು ಶಿಖರ. ಇವೆರಡರ ನಡುವೆ, 65ರಿಂದ 70ರ ವರೆಗೆ, ಕೇವಲ 10 ಚಿಮ್ಮುಗೆಗಳ ಕಣಿವೆ. ಸರಾಸರಿಯನ್ನು ನಂಬಿ 71ನೆಯ ನಿಮಿಷಕ್ಕೆ ಸರಿಯಾಗಿ ಹೋದ ಪ್ರವಾಸಿಯ ಗತಿಯೇನು? 65ರಿಂದ 75 ನಿಮಿಷದೊಳಗೆ ಚಿಮ್ಮಿದುದು 272ರಲ್ಲಿ ಬರಿಯ 37 ಸಲ. ಅವನು ಹೋಗುವ ವೇಳೆಗೆ ಬುಗ್ಗೆಯು ಒಂದೋ ಚಿಮ್ಮಿ ಮುಗಿದಿರುತ್ತದೆ, ಇಲ್ಲವೆ ಇನ್ನೂ ಚಿಮ್ಮಬೇಕಾಗಿರುತ್ತದೆ. ದತ್ತಾಂಶದಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ಪ್ರಶ್ನೆ.

ಎರಡು ಶಿಖರಗಳೇಕೆ? ಪ್ರಶ್ನೆಯಿಂದ ಪ್ರಶ್ನೆ ಹುಟ್ಟಿತು. ಇನ್ನೊಮ್ಮೆ ವಾಕ್ಯವನ್ನು ತಿದ್ದೋಣ: ‘ಚಿಮ್ಮಿದ ಅವಧಿಯನ್ನು ಅಡ್ಡ ಅಕ್ಷದಲ್ಲಿಡು, ಕಾಯುವ ಕಾಲವನ್ನು ನೇರ ಅಕ್ಷದಲ್ಲಿಡು, ಬಿಂದುಗಳನ್ನಿಡು.’ ಬಿಂದುಗಳು ಎರಡು ಹಿಂಡುಗಳಾಗಿ ಬೇರೆ ಬೇರೆ ನಿಲ್ಲುತ್ತವೆ. ಎರಡು ನಿಮಿಷದ ಆಸುಪಾಸಿನ ಚಿಕ್ಕ ಚಿಮ್ಮುಗೆಯ ಅನಂತರ ಬಿಡುವು ಕಡಮೆ; ನಾಲ್ಕು ನಿಮಿಷಕ್ಕೂ ಮೀರಿದ ದೊಡ್ಡ ಚಿಮ್ಮುಗೆಯ ಅನಂತರ ಬಿಡುವು ಹೆಚ್ಚು. ಚಿಕ್ಕ ಚಿಮ್ಮುಗೆಯಲ್ಲಿ ಬಿಸಿನೀರೆಲ್ಲ ಬರಿದಾಗುವುದಿಲ್ಲ. ಆದುದರಿಂದ ಮತ್ತೆ ತುಂಬಿ ಕುದಿಯಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಉದ್ಯಾನದ ಸಿಬ್ಬಂದಿಯೂ ಹಿಂದಿನ ಚಿಮ್ಮುಗೆಯ ಅವಧಿಯನ್ನು ನೋಡಿಯೇ ಮುಂದಿನದರ ವೇಳೆಯನ್ನು ಅಂದಾಜುಮಾಡಿ ಪ್ರವಾಸಿಗಳಿಗೆ ತಿಳಿಸುತ್ತಾರೆ. ಮೂರು ವಾಕ್ಯಗಳಲ್ಲಿ ನಾವು ಒಂದು ಸುಳ್ಳು ಬೆಟ್ಟದಿಂದ ಭೂಗರ್ಭದ ಕೊಳವೆಯವರೆಗೆ ಇಳಿದು ಬಂದೆವು. ಗ್ರಾಫ್ ಕಾಗದದಲ್ಲಿ 272 ಬಿಂದುಗಳನ್ನು ಮೂರು ಸಲ ಗುರುತಿಸುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕೆ ಇದ್ದೀತು?

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಬೇಕಾದಂತೆ ಬಾಗುವ ಚಿತ್ರವು ಬೇಕಾದಂತೆ ಸುಳ್ಳನ್ನೂ ಹೇಳೀತಲ್ಲವೆ? 20 ನಿಮಿಷದ ಸ್ತಂಭಗಳನ್ನು ತೋರಿಸಿ ಒಂದೇ ಶಿಖರವೆಂದು ವಾದಿಸುವವನನ್ನು ತಡೆಯುವವರಾರು? ಆಕ್ಷೇಪಣೆ ನ್ಯಾಯವಾದುದೇ. ಆದರೆ ಸುಳ್ಳು ಚಿತ್ರಕ್ಕೆ ಗಣಕಯಂತ್ರವೇ ಬೇಕಾಗಿಲ್ಲ; ನನ್ನ ರಬ್ಬರಿನ ತುಂಡೂ ಆ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಮೋಸದ ಉದ್ದೇಶವೇ ಇಲ್ಲದೆ, ಕೆಲವು ಬಿಂದುಗಳನ್ನು ಬಿಟ್ಟುದರಿಂದಲೂ ಘೋರ ಅನರ್ಥ ಸಂಭವಿಸಬಹುದು.

ಅಮೆರಿಕದ ಚಾಲೆಂಜರ್ ವ್ಯೋಮನೌಕೆಯ ದುರಂತವನ್ನು ನೆನೆಯಿರಿ. 1986ರ ಜನವರಿ 28ರಂದು, ಹಾರಿದ 73 ಸೆಕೆಂಡುಗಳಲ್ಲಿ, ಅದು ಆಕಾಶದಲ್ಲಿ ಸಿಡಿದು ಏಳು ಮಂದಿ ಯಾತ್ರಿಗಳು ಮಡಿದರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಬಳೆಗಳು ಚಳಿಗೆ ಪೆಡಸಾಗಿ ಬಿಸಿ ಅನಿಲವನ್ನು ತಡೆಯಲಾರದೆ ಹೋದುದೇ ಕಾರಣ. ಹಿಂದಿನ ರಾತ್ರಿ ಎಂಜಿನಿಯರುಗಳು ಚಳಿಯ ಭಯವನ್ನು ಮುಂದಿಟ್ಟಿದ್ದರು. ಆದರೆ ಚರ್ಚೆಯಲ್ಲಿ ಲೆಕ್ಕಕ್ಕೆ ಬಂದುದು ಬಳೆಗಳಿಗೆ ಹಾನಿಯಾದ ಹಾರಾಟಗಳು ಮಾತ್ರ. ಹಾನಿಯು ಚಳಿಯಲ್ಲಿಯೂ ಉಂಟು, ಸೆಖೆಯಲ್ಲಿಯೂ ಉಂಟು. ಅವುಗಳಿಂದ ಉಷ್ಣತೆಯ ಸಂಬಂಧ ಸ್ಪಷ್ಟವಾಗಿ ತೋರಲಿಲ್ಲ. ಅನಂತರ ವಿಚಾರಣಾ ಆಯೋಗವು ಹಾನಿಯಾಗದ ಹಾರಾಟಗಳನ್ನೂ ಅದೇ ಚಿತ್ರದಲ್ಲಿ ಸೇರಿಸಿ ಪ್ರಕಟಿಸಿತು. ಸುಮಾರು 19 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೇಲಿದ್ದಾಗ ನಡೆದ 20 ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಹಾನಿ. 17 ಡಿಗ್ರಿ ಅಥವಾ ಅದಕ್ಕೆ ಕೆಳಗಿದ್ದಾಗ ನಡೆದ ನಾಲ್ಕಕ್ಕೆ ನಾಲ್ಕೂ ಹಾನಿ. ದುರಂತದ ಬೆಳಗ್ಗೆ ಉಡಾವಣೆಯ ನೆಲೆಯಲ್ಲಿ ಇದ್ದ ಉಷ್ಣತೆ ಸುಮಾರು 2 ಡಿಗ್ರಿ. ಏನೂ ಆಗಲಿಲ್ಲವೆಂದು ಬಿಟ್ಟ ಬಿಂದುಗಳಲ್ಲಿಯೇ ಎಚ್ಚರಿಕೆ ಅಡಗಿತ್ತು. ಒಂದು ಆಲೇಖದಿಂದಲೇ ಆ ಹಾರಾಟ ನಿಲ್ಲುತ್ತಿತ್ತೆಂದು ನಾನು ಹೇಳಲಾರೆ. ಆದರೆ ಯಾವ ಬಿಂದುವನ್ನು ಬಿಡಬೇಕು, ಯಾವುದನ್ನು ಇಡಬೇಕು ಎಂಬುದು ಬರಿಯ ಅಂದಚೆಂದದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬರಹದ ಆಜ್ಞೆಯಿಂದ ಚಿತ್ರ ರಚಿಸುವ ಕ್ರಮದ ದೊಡ್ಡ ಗುಣ ಇರುವುದು ಇಲ್ಲಿಯೇ. ರಬ್ಬರು ಅಳಿಸಿದ್ದಕ್ಕೆ ಗುರುತು ಉಳಿಯುವುದಿಲ್ಲ. ಆಜ್ಞೆಯಲ್ಲಾದರೋ ಯಾವ ಸಾಲುಗಳನ್ನು ಬಿಟ್ಟೆವು, ಸ್ತಂಭದ ಅಗಲವನ್ನು ಎಷ್ಟಿಟ್ಟೆವು, ಅಕ್ಷವನ್ನು ಎಲ್ಲಿಂದ ಆರಂಭಿಸಿದೆವು ಎಂಬುದೆಲ್ಲ ಅಕ್ಷರಶಃ ದಾಖಲಾಗಿರುತ್ತದೆ. ಅದನ್ನು ಚಿತ್ರದೊಡನೆ ಒಪ್ಪಿಸಿದರೆ ಓದಿದವರು ಯಾರು ಬೇಕಾದರೂ ಅದೇ ಚಿತ್ರವನ್ನು ಮತ್ತೆ ಬರೆಯಬಹುದು. 20ನ್ನು 5 ಮಾಡಿ ನಮ್ಮನ್ನು ಪ್ರಶ್ನಿಸಬಹುದು. ಜಿಜಿಪ್ಲಾಟ್ ತಂತ್ರಾಂಶಕ್ಕೆ ಸ್ತಂಭಗಳ ಅಗಲವನ್ನು ಹೇಳದೆ ಬಿಟ್ಟರೆ ಅದು ತಾನೇ 30 ಸ್ತಂಭಗಳನ್ನು ನಿಲ್ಲಿಸಿ, ಇದಕ್ಕಿಂತ ಒಳ್ಳೆಯ ಅಗಲವನ್ನು ನೀವೇ ಆರಿಸಿಕೊಳ್ಳಿರಿ ಎಂಬ ಸೂಚನೆಯನ್ನು ಕೊಡುತ್ತದೆ. ಯಂತ್ರಕ್ಕಿರುವ ಈ ವಿನಯವು ಅದನ್ನು ಬಳಸುವವರಿಗೂ ಇರಬೇಕು.

ಹಾಗೆಂದು ಗ್ರಾಫ್ ಕಾಗದವನ್ನು ಪ್ರಯೋಗಶಾಲೆಯಿಂದ ಹೊರಗಟ್ಟಬೇಕೆಂಬುದು ನನ್ನ ಮತವಲ್ಲ. ಅಳತೆಯ ಪ್ರಮಾಣವನ್ನು ಆರಿಸುವುದನ್ನೂ ಒಂದೊಂದು ಬಿಂದುವಿನ ಬೆಲೆಯನ್ನೂ ಕೈ ಕಲಿಯಬೇಕು. ಮೊದಲ ಕೆಲವು ಆಲೇಖಗಳನ್ನು ಕೈಯಿಂದಲೇ ಬರೆಯುವುದು ಒಳ್ಳೆಯದು. ಎಲ್ಲ ಕಾಲೇಜುಗಳಲ್ಲಿಯೂ ಗಣಕಯಂತ್ರಗಳು ಸಾಕಷ್ಟಿಲ್ಲವೆಂಬ ಮಾತೂ ನಿಜ. ಆದರೆ ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ನಮ್ಮ ಕೆಲಸಕ್ಕೆ ಸಾಧಾರಣವಾದ ಹಳೆಯ ಯಂತ್ರವೂ ಸಾಕು. ನಾಲ್ಕು ಮಂದಿಗೆ ಒಂದು ಯಂತ್ರವಿದ್ದರೆ ಕೆಡುಕಿಲ್ಲ; ಒಬ್ಬನು ಆಜ್ಞೆ ಬರೆಯುವಾಗ ಉಳಿದ ಮೂವರು ‘ಹಾಗೇಕೆ, ಹೀಗೇಕಾಗಬಾರದು?’ ಎಂದು ಕೇಳುತ್ತಾರೆ. ಆ ಚರ್ಚೆಯೇ ಪಾಠದ ಮುಖ್ಯ ಭಾಗ.

ಇನ್ನು ನನ್ನ ಲೋಲಕದ ಕಥೆ. ಎರಡು ವರ್ಷಗಳ ಹಿಂದೆ ನನ್ನ ತರಗತಿಯ ಇಬ್ಬರು ಗೆಳತಿಯರು ಅದೇ ಪ್ರಯೋಗವನ್ನು ಮಾಡಿದರು. ಒಂದು ಉದ್ದಕ್ಕೆ ಒಬ್ಬಳು 20 ಆಂದೋಲನಗಳನ್ನು ಎಣಿಸಿ ಕಾಲವನ್ನು ಅಳೆದರೆ, ಮುಂದಿನ ಉದ್ದಕ್ಕೆ ಇನ್ನೊಬ್ಬಳು. ಬಿಂದುಗಳು ರೇಖೆಯ ಮೇಲೆ ಕೂಡದೆ ಗರಗಸದ ಹಲ್ಲುಗಳಂತೆ ಮೇಲೆ ಕೆಳಗೆ ಆಡಿದವು. ಎಲ್ಲದರ ನಡುವೆ ಒಂದು ಗೆರೆಯೆಳೆದರೆ ಗುರುತ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ 10.3 ಮೀಟರಿನಷ್ಟು ಬರುತ್ತಿತ್ತು. ‘ಪ್ರಯೋಗದೋಷ’ ಎಂಬ ಒಂದು ಪದ ಬರೆದು ಮುಗಿಸಬಹುದಾಗಿತ್ತು. ಪುಣ್ಯವಶಾತ್ ಎಣಿಸಿದವರು ಯಾರೆಂಬುದನ್ನೂ ಅವರು ಕೋಷ್ಟಕದಲ್ಲಿ ಬರೆದಿದ್ದರು. ಆ ಕಂಬಸಾಲನ್ನು ಬಿಂದುಗಳ ಬಣ್ಣಕ್ಕೆ ವಹಿಸಿ ನೋಡಿರೆಂದು ನಾನು ಹೇಳಿದೆನು. ಆಜ್ಞೆಯಲ್ಲಿ ಒಂದು ಪದ ಸೇರಿತು. ಪರದೆಯ ಮೇಲೆ ಗರಗಸವು ಮಾಯವಾಗಿ, ಮೂಲಬಿಂದುವಿನಿಂದ ಹೊರಟ ಎರಡು ಸರಳರೇಖೆಗಳು ಒಡಮೂಡಿದವು. ಒಂದು ನೀಲಿ, ಇನ್ನೊಂದು ಕೆಂಪು. ನೀಲಿಯದರಿಂದ 9.8 ಬಂದಿತು, ಕೆಂಪಿನದರಿಂದ 10.9.

ಕೆಂಪು ಬಿಂದುಗಳ ಹುಡುಗಿ ಸ್ವಲ್ಪ ಹೊತ್ತು ಮೌನವಾಗಿದ್ದು, ಲೋಲಕವನ್ನು ಮತ್ತೊಮ್ಮೆ ತೂಗಿಬಿಟ್ಟು, ಗಡಿಯಾರವನ್ನು ಒತ್ತುತ್ತಲೇ ‘ಒಂದು’ ಎಂದಳು. ತಕ್ಷಣ ನಾಲಗೆ ಕಚ್ಚಿಕೊಂಡಳು. ‘ಸೊನ್ನೆ’ ಎನ್ನಬೇಕಾಗಿತ್ತು! ಅವಳು 20 ಎಂದು ಎಣಿಸಿದುದೆಲ್ಲ ನಿಜವಾಗಿ 19 ಆಂದೋಲನಗಳು. 19ರಿಂದ ಭಾಗಿಸಿದೊಡನೆ ಕೆಂಪು ರೇಖೆಯು ನೀಲಿ ರೇಖೆಯ ಮೇಲೆ ಬಂದು ಕುಳಿತಿತು. ಅಳತೆ ಕೆಟ್ಟಿರಲಿಲ್ಲ, ಎಣಿಕೆ ಕೆಟ್ಟಿತ್ತು.

ಅಂದು ಸಂಜೆ ಮನೆಗೆ ಹೋಗಿ ನನ್ನ ಹಳೆಯ ಕರಡು ಪುಸ್ತಕವನ್ನು ಹುಡುಕಿ ತೆಗೆದೆನು. 80 ಸೆಂಟಿಮೀಟರ್ ಉದ್ದಕ್ಕೆ ಎದುರಾಗಿ 34.1 ಸೆಕೆಂಡು ಎಂದಿತ್ತು. ಅದನ್ನು ನಾನು ಒಪ್ಪ ಪ್ರತಿಯಲ್ಲಿ 35.9 ಎಂದು ತಿದ್ದಿದ್ದೆನು. 34.1ನ್ನು 19ರಿಂದ ಭಾಗಿಸಿದೆನು, 1.795. ಆ ಉದ್ದದ ಲೋಲಕಕ್ಕೆ ಸಲ್ಲಬೇಕಾದ ಕಾಲ ಸರಿಯಾಗಿ ಅಷ್ಟೇ! ನಾನು ಅಳಿಸಿದ್ದು ತಪ್ಪು ಬಿಂದುವನ್ನಲ್ಲ. ನನ್ನ ಎಣಿಕೆಯ ತಪ್ಪನ್ನು ತೋರಿಸಬಂದ ಸತ್ಯವಾದ ಬಿಂದುವನ್ನು.

ಆದುದರಿಂದ ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಪ್ರಯೋಗದಲ್ಲಿ ದೊರೆತ ಅಂಕಿಗಳನ್ನು ನಿರ್ಣಯ ಬರೆಯುವ ಮೊದಲು ಕನಿಷ್ಠ ಮೂರು ರೀತಿಗಳಲ್ಲಿ ಚಿತ್ರಿಸಿ ನೋಡಿರಿ. ಅಳೆದವರು ಯಾರು, ಯಾವ ಹೊತ್ತು, ಯಾವ ಉಪಕರಣ ಎಂಬುದನ್ನೂ ಕೋಷ್ಟಕದಲ್ಲಿ ಬರೆದಿಡಿರಿ. ಯಾವ ಕಂಬಸಾಲು ಯಾವಾಗ ಬಾಯಿಬಿಟ್ಟೀತೆಂಬುದನ್ನು ಮೊದಲೇ ಹೇಳಲು ಬಾರದು. ಚಿತ್ರದೊಡನೆ ಅದನ್ನು ರಚಿಸಿದ ಆಜ್ಞೆಯನ್ನೂ ಇಡಿರಿ. ನನ್ನಂಥ ಉಪಾಧ್ಯಾಯರಲ್ಲಿಯೂ ಒಂದು ಮಾತು: ರೇಖೆಯ ಮೇಲೆ ಕುಳಿತ ಬಿಂದುಗಳಿಗೆ ಮಾತ್ರ ಅಂಕ ಕೊಡುವುದನ್ನು ಬಿಟ್ಟು, ರೇಖೆಯನ್ನು ಒಲ್ಲದ ಬಿಂದುವನ್ನು ಅಳಿಸದೆ ಉಳಿಸಿ ವಿಚಾರಿಸಿದ ವಿದ್ಯಾರ್ಥಿಗೂ ಅಂಕ ಕೊಡೋಣ. ಅವರ ಪುಟದ ಕೆಳಗೆ ‘ಉತ್ತಮ’ ಎಂದು ಬರೆಯುವಾಗ ನನ್ನ ಕೈ ಹಿಂದೆಗೆಯುವುದಿಲ್ಲ.